ವಿಂಡೋ ಜೋಡಿಸುವ ಟೂಲಿಗೂ ಕೆಲಸದ ಸಾಫ್ಟ್‌ವೇರಿಗೂ ಜಗಳ ಬಂದರೆ ಯಾವುದನ್ನು ಆರಿಸುವುದು?

ಚಾಮರಾಜಪೇಟೆಯಲ್ಲಿ ನಮ್ಮ ಅತ್ತಿಗೆಯದೊಂದು ಪುಟ್ಟ ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ಶಾಲೆಗಳ ವಾರ್ಷಿಕ ಸಂಚಿಕೆ, ಇಂಥ ಕೆಲಸ. ಹೋದ ವರ್ಷ ಎರಡನೇ ಮಾನಿಟರ್ ಬೇಕು ಅಂದರು. ಎಸ್.ಪಿ. ರಸ್ತೆಗೆ ಹೋಗಿ ನಾನೇ ತಂದು ಹಾಕಿಕೊಟ್ಟೆ. ಒಂದರಲ್ಲಿ ಪುಟ, ಇನ್ನೊಂದರಲ್ಲಿ ಗಿರಾಕಿ ವಾಟ್ಸಾಪ್‌ನಲ್ಲಿ ಕಳಿಸಿದ ಕೈಬರಹದ ಫೋಟೊ. ದಿನವಿಡೀ ವಿಂಡೋಗಳನ್ನು ಎಳೆದು ಎಳೆದು ಜೋಡಿಸುವುದು ಬೇಡ ಅಂತ, ಕೇಳದಿದ್ದರೂ ಒಂದು ವಿಂಡೋ ಜೋಡಿಸುವ ಟೂಲನ್ನೂ ಹಾಕಿಬಿಟ್ಟೆ. ಮೂರನೇ ದಿನ ಫೋನ್ ಬಂತು.

"ಏನಪ್ಪಾ, ಕನ್ನಡ ಟೈಪ್ ಮಾಡೋಕೆ ಹೋದ್ರೆ ಅಕ್ಷರ ಬರ್ತಿಲ್ಲ. ಪರದೆ ಅರ್ಧಕ್ಕೆ ಏನೋ ಬಂದು ಕೂತ್ಕೊಳ್ಳುತ್ತೆ. ಅದನ್ನ ನೀನು ಬಂದು ತೆಗಿತೀಯೋ, ನಾನೇ ತೆಗಿಲೋ?"

ಟೂಲು ಒಳ್ಳೆಯದೇ. ಕನ್ನಡ ಟೈಪಿಂಗ್ ಸಾಫ್ಟ್‌ವೇರೂ ಒಳ್ಳೆಯದೇ. ಬೇರೆ ಬೇರೆ ಇದ್ದಾಗ ಎರಡರದೂ ತಕರಾರಿಲ್ಲ. ಒಟ್ಟಿಗೆ ಇಟ್ಟರೆ ಮಾತ್ರ ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವ ಹಾಗೆ. ಇಲ್ಲಿ ಕೂಸು ಅತ್ತಿಗೆ, ಕಾಯುತ್ತಾ ನಿಂತ ಗಿರಾಕಿ ಬೇರೆ.

ಆಮೇಲೆ ಇಂಥ ಜಗಳಗಳನ್ನು ಅಕ್ಕಪಕ್ಕದವರ ಮನೆಯಲ್ಲಿ, ಆಫೀಸಿನಲ್ಲಿ ಸಾಕಷ್ಟು ಬಿಡಿಸಿದ್ದೇನೆ. ಅದರಿಂದ ನನಗೆ ಬಂದ ಅಭಿಪ್ರಾಯ ಒಂದೇ. ವಿಂಡೋ ಟೂಲನ್ನು ಆರಿಸುವಾಗ ಅದರಲ್ಲಿ ಏನೇನಿದೆ ಅಂತ ನೋಡುವುದಕ್ಕಿಂತ, ಅದು ಎಷ್ಟು ಸುಲಭವಾಗಿ ಜಾಗ ಬಿಟ್ಟುಕೊಡುತ್ತದೆ ಅಂತ ನೋಡಬೇಕು. ಕೆಲಸದ ಸಾಫ್ಟ್‌ವೇರು ಮನೆಯವರು, ಟೂಲು ನೆಂಟ. ನೆಂಟರಿಗೆ ಹೊಂದಿಕೊಳ್ಳಲು ಬರಬೇಕು, ಅಲ್ವಾ? ಕೆಳಗಿನ ಹೋಲಿಕೆಯನ್ನೆಲ್ಲ ಈ ಅಳತೆಗೋಲಿನಲ್ಲೇ ಮಾಡಿದ್ದೇನೆ.

ಮೊದಲು, ಜಗಳ ಯಾವುದಕ್ಕೆ?

ಇದನ್ನು ತಿಳಿಯದೆ ಟೂಲು ಬದಲಿಸಿದರೆ ಹೊಸ ಟೂಲಿನಲ್ಲೂ ಅದೇ ರಗಳೆ. ಹೆಚ್ಚಿನ ಜಗಳ ಶಾರ್ಟ್‌ಕಟ್ ಕೀಗಳದ್ದು. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ವಿಂಡೋಸ್‌ನಲ್ಲಿ ಒಂದು ಪ್ರೋಗ್ರಾಂ ಶಾರ್ಟ್‌ಕಟ್ ಹಿಡಿಯಲು ಎರಡು ದಾರಿಗಳಿವೆ. ಒಂದು, ವಿಂಡೋಸ್ ಹತ್ತಿರ ಹೆಸರು ಬರೆಸುವುದು. "ಕಂಟ್ರೋಲ್, ಆಲ್ಟ್, ಎಡ ಬಾಣ ಮೂರೂ ಒಟ್ಟಿಗೆ ಒತ್ತಿದರೆ ನನಗೆ ಹೇಳು" ಅಂತ. ಇದು ಮೆಜೆಸ್ಟಿಕ್‌ನಲ್ಲಿ ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯಿಂದ ಕರ್ಚೀಫ್ ಹಾಕಿ ಸೀಟು ಹಿಡಿದ ಹಾಗೆ. ಮೊದಲು ಹಾಕಿದವರದೇ ಸೀಟು. ಆಮೇಲೆ ಬಂದ ಪ್ರೋಗ್ರಾಂ ಅದೇ ಕೀ ಕೇಳಿದರೆ ವಿಂಡೋಸ್ ಇಲ್ಲ ಅನ್ನುತ್ತದೆ. ಆ ಸುದ್ದಿಯನ್ನು ಕೆಲವು ಪ್ರೋಗ್ರಾಂಗಳು ನಮಗೆ ತಿಳಿಸುತ್ತವೆ, ಕೆಲವು ಸುಮ್ನೆ ಬಾಯಿ ಮುಚ್ಚಿಕೊಂಡಿರುತ್ತವೆ. ಕಂಪ್ಯೂಟರ್ ಆನ್ ಮಾಡಿದಾಗ ಯಾವುದು ಮೊದಲು ಎದ್ದಿತು ಅನ್ನುವುದರ ಮೇಲೆ ಗೆಲುವು ನಿಂತಿರುತ್ತದೆ. "ನಿನ್ನೆ ಕೆಲಸ ಮಾಡ್ತಿತ್ತು, ಇವತ್ತು ಮಾಡ್ತಿಲ್ಲ, ನಾನೇನೂ ಮುಟ್ಟಿಲ್ಲ" ಅನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ.

ಇನ್ನೊಂದು ದಾರಿ ಹುಕ್. ಇದು ಬಸ್ಸಿನ ಬಾಗಿಲಲ್ಲೇ ನಿಂತು ಹತ್ತುವ ಪ್ರತಿಯೊಬ್ಬರನ್ನೂ ನೋಡಿ ಒಳಗೆ ಬಿಡುವ ಕೆಲಸ. ನಾವು ಒತ್ತುವ ಒಂದೊಂದು ಕೀಯೂ ಹುಕ್ ಹಾಕಿದ ಪ್ರೋಗ್ರಾಂ ಕೈಗೇ ಮೊದಲು ಹೋಗುತ್ತದೆ. ಅದು ಮುಂದಕ್ಕೆ ಬಿಟ್ಟರೆ ಮಾತ್ರ ಉಳಿದವರಿಗೆ. ಇಲ್ಲಿ ಲೆಕ್ಕ ಉಲ್ಟಾ. ಕೊನೆಯಲ್ಲಿ ಬಂದವನೇ ಬಾಗಿಲಿಗೆ ಎಲ್ಲರಿಗಿಂತ ಹತ್ತಿರ ನಿಲ್ಲುತ್ತಾನೆ. ಒತ್ತಿದ ಕೀ ಒಂದು, ಬರುವ ಅಕ್ಷರ ಇನ್ನೊಂದು ಎಂದು ಮಾರ್ಪಡಿಸುವ ಟೈಪಿಂಗ್ ಪ್ರೋಗ್ರಾಂಗಳಿಗೆ ಈ ದಾರಿ ತುಂಬ ಅನುಕೂಲ. ಕೀಗಳನ್ನು ಬದಲಿಸುವ ಟೂಲುಗಳೂ ಇಲ್ಲೇ ನಿಲ್ಲುತ್ತವೆ. ಹಾಗಾಗಿ ಕನ್ನಡದಲ್ಲಿ ಕೆಲಸ ಮಾಡುವವರ ಕಂಪ್ಯೂಟರಿನಲ್ಲಿ ಬಾಗಿಲ ಹತ್ತಿರ ನೂಕುನುಗ್ಗಲು ಸ್ವಲ್ಪ ಜಾಸ್ತಿ.

ಹುಕ್‌ಗೆ ಇನ್ನೊಂದು ಗುಣ ಇದೆ. ವಿಂಡೋಸ್ ಅದಕ್ಕೆ ಸಮಯ ಕಟ್ಟಿಟ್ಟಿದೆ. ವಿಂಡೋಸ್ 10ರ 1709 ಆವೃತ್ತಿಯಿಂದ ಈಚೆಗೆ ಈ ಗಡುವು ಹೆಚ್ಚೆಂದರೆ 1 ಸೆಕೆಂಡು. ಉತ್ತರ ಕೊಡಲು ತಡ ಮಾಡುತ್ತಲೇ ಇರುವ ಹುಕ್ಕನ್ನು ವಿಂಡೋಸ್ ಸದ್ದಿಲ್ಲದೆ ಕಿತ್ತುಹಾಕುತ್ತದೆ. ಕಿತ್ತದ್ದು ಆ ಪ್ರೋಗ್ರಾಂಗೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಸರಿ ಇದ್ದು, ಮಧ್ಯಾಹ್ನ ದೊಡ್ಡ ಫೈಲು ತೆರೆದು ಯಂತ್ರ ತಿಣುಕಿದ ಮೇಲೆ ಶಾರ್ಟ್‌ಕಟ್ ಸತ್ತು, ಟೂಲನ್ನು ಮುಚ್ಚಿ ತೆರೆದರೆ ಮತ್ತೆ ಜೀವ ಬಂದರೆ ಇದೇ ಕಾರಣ ಅಂತ ಅನುಮಾನಿಸಿ.

ಯಾವ ಕೀಗೆ ಯಾರ ಜೊತೆ ಜಗಳ ಅನ್ನುವುದಕ್ಕೆ ಕೆಲವು ಉದಾಹರಣೆಗಳು. ಕಂಟ್ರೋಲ್, ಆಲ್ಟ್ ಜೊತೆ ಬಾಣದ ಕೀ ವಿಂಡೋ ಟೂಲುಗಳಿಗೆ ಬಲು ಇಷ್ಟ. ಆದರೆ ಕೋಡ್ ಬರೆಯುವ ವಿಎಸ್ ಕೋಡ್‌ನಲ್ಲಿ ಅದರ ಮೇಲಿನ, ಕೆಳಗಿನ ಬಾಣ ಹೊಸ ಕರ್ಸರ್ ಹಾಕುತ್ತದೆ. ಜೆಟ್‌ಬ್ರೇನ್ಸ್‌ನ ಎಡಿಟರ್‌ಗಳಲ್ಲಿ ಎಡ ಬಲದ ಬಾಣ ಕೋಡಿನಲ್ಲಿ ಹಿಂದೆ ಮುಂದೆ ಹೋಗಲು. ಹಳೆಯ ಇಂಟೆಲ್ ಗ್ರಾಫಿಕ್ಸ್ ಡ್ರೈವರ್ ಇದ್ದರೆ ಪರದೆಯೇ ತಲೆಕೆಳಗು. ಆಫೀಸುಗಳಲ್ಲಿ ಹೊಸಬರನ್ನು ಗೋಳುಹುಯ್ದುಕೊಳ್ಳಲು ಒಂದು ಕಾಲದಲ್ಲಿ ಇದನ್ನೇ ಬಳಸುತ್ತಿದ್ದರು.

ರೂಪಾಯಿ ಚಿಹ್ನೆಯದು ಇನ್ನೊಂದು ಕಥೆ. ವಿಂಡೋಸ್‌ನ ಇಂಗ್ಲಿಷ್ ಇಂಡಿಯಾ ಕೀಬೋರ್ಡ್ ಜೋಡಣೆಯಲ್ಲಿ ಬಲಗಡೆಯ ಆಲ್ಟ್ ಹಿಡಿದು 4 ಒತ್ತಿದರೆ ₹ ಬರುತ್ತದೆ. ಇಂಥ ಜೋಡಣೆಗಳಲ್ಲಿ ಬಲಗಡೆಯ ಆಲ್ಟ್ ಅಂದರೆ ವಿಂಡೋಸ್ ಲೆಕ್ಕದಲ್ಲಿ ಕಂಟ್ರೋಲ್, ಆಲ್ಟ್ ಎರಡನ್ನೂ ಒತ್ತಿದ ಹಾಗೆ. ನಿಮ್ಮ ಟೂಲಿನಲ್ಲಿ ಕಂಟ್ರೋಲ್, ಆಲ್ಟ್, 4 ಅನ್ನು ನಾಲ್ಕನೇ ಮೂಲೆಗೆ ಇಟ್ಟುಕೊಂಡಿದ್ದರೆ, ಬಿಲ್ಲಿನಲ್ಲಿ ರೂಪಾಯಿ ಹಾಕಲು ಹೋದಾಗ ಬಿಲ್ಲೇ ಮೂಲೆಗೆ ಹಾರುತ್ತದೆ.

ಎರಡನೇ ಬಗೆ ಮೌಸ್ ಜಗಳ. ಆಲ್ಟ್ ಹಿಡಿದು ವಿಂಡೋದ ಎಲ್ಲಿ ಬೇಕಾದರೂ ಎಳೆಯುವ ಸೌಲಭ್ಯ ಆಲ್ಟ್‌ಸ್ನ್ಯಾಪ್‌ನಂಥ ಟೂಲುಗಳಲ್ಲಿ ಇದೆ. ಬಹಳ ಹಾಯಾದದ್ದು. ಫೋಟೊಶಾಪ್ ತೆರೆಯುವವರೆಗೆ ಮಾತ್ರ. ಅಲ್ಲಿ ಚಿತ್ರದ ಒಂದು ಭಾಗವನ್ನು ಇನ್ನೊಂದೆಡೆ ಬಳಿಯುವ ಕ್ಲೋನ್ ಸ್ಟ್ಯಾಂಪಿಗೆ ಮೂಲ ಜಾಗ ಗುರುತು ಹಾಕುವುದು ಆಲ್ಟ್ ಒತ್ತಿ ಕ್ಲಿಕ್ ಮಾಡಿ. ಚಿತ್ರವನ್ನು ನಕಲು ಮಾಡಲು ಎಳೆಯುವುದೂ ಆಲ್ಟ್ ಹಿಡಿದೇ.

ಮೂರನೆಯದು ಅಧಿಕಾರದ ಜಗಳ. ಟಾಸ್ಕ್ ಮ್ಯಾನೇಜರ್ ಮಾತ್ರ ನಿಮ್ಮ ಟೂಲಿನ ಮಾತು ಕೇಳದೆ, ಉಳಿದದ್ದೆಲ್ಲ ಕೇಳಿದರೆ ಇದೇ. ಅಡ್ಮಿನಿಸ್ಟ್ರೇಟರ್ ಆಗಿ ಓಡುವ ವಿಂಡೋವನ್ನು ಸಾಮಾನ್ಯ ಪ್ರೋಗ್ರಾಂ ಮುಟ್ಟದ ಹಾಗೆ ವಿಸ್ಟಾ ಕಾಲದಿಂದ, ಅಂದರೆ 2007ರಿಂದ, ವಿಂಡೋಸ್ ಗೋಡೆ ಹಾಕಿದೆ. ಇದನ್ನು ದೋಷ ಅನ್ನುವ ಹಾಗಿಲ್ಲ. ಕಾವಲು ಅಷ್ಟೆ.

ನಾಲ್ಕನೆಯದು ಅಳತೆಯ ಜಗಳ. ಪ್ರತಿ ಪ್ರೋಗ್ರಾಂ ತನ್ನ ವಿಂಡೋ ಇಷ್ಟಕ್ಕಿಂತ ಚಿಕ್ಕದಾಗಬಾರದು ಅಂತ ವಿಂಡೋಸ್‌ಗೆ ಹೇಳಬಹುದು. ಟೂಲು ಕಾಲು ಭಾಗಕ್ಕೆ ತಳ್ಳಿದರೂ ಅದು ಅರ್ಧದಷ್ಟು ಉಬ್ಬಿ ಪಕ್ಕದವರ ಮೇಲೆ ಬೀಳುತ್ತದೆ. ಇದಕ್ಕೆ ಯಾವ ಟೂಲಿನಲ್ಲೂ ಮದ್ದಿಲ್ಲ. ಆ ಪ್ರೋಗ್ರಾಂಗೆ ದೊಡ್ಡ ಜಾಗ ಕೊಡಿ, ಮುಗಿಯಿತು. ಇದರ ತಮ್ಮ ಅನ್ನಬಹುದಾದದ್ದು ಸ್ಕೇಲಿಂಗ್ ಜಗಳ, ಅಂದರೆ ಪರದೆಯ ಮೇಲಿನದನ್ನು ಎಷ್ಟು ದೊಡ್ಡದಾಗಿ ತೋರಿಸಬೇಕು ಅನ್ನುವುದರದು. ಲ್ಯಾಪ್‌ಟಾಪ್ ಪರದೆ 150 ಶೇಕಡಾ, ಹೊರಗಿನ ಮಾನಿಟರ್ 100 ಶೇಕಡಾ ಇದ್ದಾಗ ಹಳೆಯ ಪ್ರೋಗ್ರಾಂ ಒಂದರಿಂದ ಇನ್ನೊಂದಕ್ಕೆ ದಾಟುವಾಗ ಉಬ್ಬುತ್ತದೆ ಇಲ್ಲವೇ ಮಸುಕಾಗುತ್ತದೆ. ಆ ಪ್ರೋಗ್ರಾಂನ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ ಒಳಗೆ ಹೈ ಡಿಪಿಐ ಸೆಟ್ಟಿಂಗ್ ಇದೆ, ಅಲ್ಲಿ ನೋಡಿ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಪುಟ ವಿನ್ಯಾಸದ ಪೇಜ್‌ಮೇಕರ್ 7.0 ಇನ್ನೂ ಕಾಣಸಿಗುತ್ತದೆ. ಅದು 2001ರದು. ಅದರಲ್ಲಿ ತೆರೆದ ಪುಟಗಳೆಲ್ಲ ಒಂದು ದೊಡ್ಡ ವಿಂಡೋದ ಹೊಟ್ಟೆಯೊಳಗೆ ಇರುತ್ತವೆ. ಹೊರಗಿನ ಟೂಲು ದೊಡ್ಡದನ್ನು ಸರಿಸಬಲ್ಲದು. ಒಳಗಿನ ಪುಟಗಳನ್ನು ಅಕ್ಕಪಕ್ಕ ಇಡಲು ಪೇಜ್‌ಮೇಕರಿನದೇ ವಿಂಡೋ ಮೆನು ಬೇಕು.

ಐದನೆಯದು ಸವತಿ ಜಗಳ. ಒಂದೇ ಯಂತ್ರದಲ್ಲಿ ಎರಡು ವಿಂಡೋ ಟೂಲು. ಯಾರು ಹಾಗೆ ಹಾಕಿಕೊಳ್ಳುತ್ತಾರೆ ಅಂತ ನಗಬೇಡಿ. ನಾನೇ ಹಾಕಿಕೊಂಡಿದ್ದೆ. ಹೊಸ ಮಾನಿಟರ್ ಜೊತೆ ಬಂದ ಸಾಫ್ಟ್‌ವೇರನ್ನು ಬಣ್ಣ, ಬೆಳಕು ಸರಿಮಾಡಲಿಕ್ಕೆ ಅಂತ ಹಾಕಿದೆ. ಅದರೊಳಗೆ ಪರದೆಯನ್ನು ಭಾಗ ಮಾಡುವ ಕೆಲಸವೂ ಇತ್ತು. ಎಳೆದು ಬಿಟ್ಟ ವಿಂಡೋ ಒಮ್ಮೆ ಎಡಕ್ಕೆ ಹೋಗಿ, ಅರೆಗಳಿಗೆ ನಿಂತು, ಇನ್ನೆಲ್ಲೋ ಹೋಗಿ ಕೂರುತ್ತಿತ್ತು. ಎರಡು ಸಂಜೆ ಹಾಳಾದವು. ಡೆಲ್ ಡಿಸ್‌ಪ್ಲೇ ಮ್ಯಾನೇಜರ್, ಎಲ್‌ಜಿಯ ಆನ್‌ಸ್ಕ್ರೀನ್ ಕಂಟ್ರೋಲ್ ಮುಂತಾದ ಮಾನಿಟರ್ ಸಾಫ್ಟ್‌ವೇರುಗಳಲ್ಲಿ ಈ ಸೌಲಭ್ಯ ಇರುವುದು ಗುಟ್ಟೇನಲ್ಲ. ನಾನು ಓದದೆ ಹಾಕಿದ್ದು ತಪ್ಪು. ಇಂಥದ್ದು ನಿಮಗೆ ಬೇಕಾದರೆ ಒಂದನ್ನೇ ಇಟ್ಟುಕೊಳ್ಳಿ. ಮತ್ತೆ ವಿಂಡೋಸ್‌ನ ಸ್ವಂತ ಸ್ನ್ಯಾಪ್ ಕೂಡ ಒಂದು ವಿಂಡೋ ಟೂಲೇ ಅನ್ನುವುದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಈಗ ಟೂಲುಗಳ ವಿಷಯ

ವಿಂಡೋಸ್‌ನ ಸ್ನ್ಯಾಪ್. 2009ರಲ್ಲಿ ವಿಂಡೋಸ್ 7 ಜೊತೆ ಬಂತು. ವಿಂಡೋಸ್ ಕೀ ಮತ್ತು ಬಾಣ ಒತ್ತಿದರೆ ಅರ್ಧ ಪರದೆ. ವಿಂಡೋಸ್ 10ರಲ್ಲಿ ಕಾಲು ಭಾಗವೂ ಸೇರಿತು. 2021ರ ವಿಂಡೋಸ್ 11ರಲ್ಲಿ ವಿಂಡೋಸ್ ಕೀ ಜೊತೆ ಝಡ್ ಒತ್ತಿದರೆ ಜೋಡಣೆಗಳ ಪುಟ್ಟ ನಕ್ಷೆ ಬರುತ್ತದೆ. ಇದರ ದೊಡ್ಡ ಗುಣ, ವಿಂಡೋಸ್ ಕೀ ಸೇರಿದ ಶಾರ್ಟ್‌ಕಟ್‌ಗಳನ್ನು ಕೆಲಸದ ಸಾಫ್ಟ್‌ವೇರುಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹಾಗಾಗಿ ಜಗಳ ಬಹಳ ಕಮ್ಮಿ. ಅಡ್ಮಿನ್ ವಿಂಡೋಗಳ ಮೇಲೂ ನಡೆಯುತ್ತದೆ. ಪರದೆಯನ್ನು ನಿಮಗೆ ಬೇಕಾದ ಅಳತೆಗೆ ಹಂಚಿಕೊಳ್ಳುವ ಸ್ವಾತಂತ್ರ್ಯ ಇಲ್ಲ ಅನ್ನುವುದೇ ಕೊರತೆ. ಒಂದೇ ಮಾನಿಟರ್, ಎರಡು ವಿಂಡೋ ಅಕ್ಕಪಕ್ಕ ಇದ್ದರೆ ಸಾಕು ಅನ್ನುವವರು ಇಲ್ಲಿಗೇ ಓದು ನಿಲ್ಲಿಸಿ ಕಾಫಿ ಕುಡಿಯಲು ಹೋಗಬಹುದು.

ಫ್ಯಾನ್ಸಿಝೋನ್ಸ್. ಮೈಕ್ರೋಸಾಫ್ಟಿನ ಪವರ್‌ಟಾಯ್ಸ್ ಗಂಟಿನಲ್ಲಿ 2019ರಿಂದ ಇದೆ. ಉಚಿತ, ಮೂಲ ಕೋಡೂ ತೆರೆದದ್ದು. ಪರದೆಯಲ್ಲಿ ನಮಗೆ ಬೇಕಾದ ಹಾಗೆ ಗೆರೆ ಹಾಕಿ ಜಾಗಗಳನ್ನು ಮಾಡಿಕೊಂಡು, ಶಿಫ್ಟ್ ಹಿಡಿದು ವಿಂಡೋ ಎಳೆದರೆ ಅದರಲ್ಲಿ ಕೂರುತ್ತದೆ. ಶಿಫ್ಟ್ ಒತ್ತದಿದ್ದರೆ ತನ್ನ ಪಾಡಿಗೆ ತಾನಿರುತ್ತದೆ. ನನ್ನ ಅಳತೆಗೋಲಿನಲ್ಲಿ ಇದಕ್ಕೆ ಒಳ್ಳೆಯ ಅಂಕ. ಹೊರಗಿಡಬೇಕಾದ ಪ್ರೋಗ್ರಾಂಗಳ ಪಟ್ಟಿ ಸೆಟ್ಟಿಂಗಿನಲ್ಲೇ ಇದೆ, ಸಾಲಿಗೊಂದು ಹೆಸರು ಬರೆದರಾಯಿತು. ಪವರ್‌ಟಾಯ್ಸ್‌ನ್ನು ಅಡ್ಮಿನ್ ಆಗಿ ಓಡಿಸುವ ಆಯ್ಕೆ ಇದೆ, ಅದರಿಂದ ಮೂರನೇ ಬಗೆಯ ಜಗಳ ಬಗೆಹರಿಯುತ್ತದೆ. ಇತ್ತೀಚಿನ ಆವೃತ್ತಿಗಳು ಒಂದೇ ಶಾರ್ಟ್‌ಕಟ್‌ಗೆ ಇಬ್ಬರು ಕೈ ಹಾಕಿದರೆ ಎಚ್ಚರಿಸುತ್ತವೆ ಕೂಡ.

ಎಚ್ಚರ ಬೇಕಾದ ಜಾಗ ಎರಡು. ವಿಂಡೋಸ್ ಸ್ನ್ಯಾಪಿನ ಬಾಣದ ಕೀಗಳನ್ನು ತಾನೇ ತೆಗೆದುಕೊಳ್ಳುವ ಆಯ್ಕೆ ಒಂದಿದೆ. ಅದನ್ನು ಆನ್ ಮಾಡಿ ಮರೆತವರು ಸ್ನ್ಯಾಪ್ ಕೆಟ್ಟಿದೆ ಅಂತ ಗೋಳಾಡುತ್ತಾರೆ. ಹೊಸದಾಗಿ ತೆರೆದ ವಿಂಡೋಗಳನ್ನು ಕೊನೆಯ ಸಲ ಇದ್ದ ಜಾಗಕ್ಕೇ ಕಳಿಸುವ ಆಯ್ಕೆ ಇನ್ನೊಂದು. ಕೇಳಲು ಸೊಗಸು. ಆದರೆ ಈ ಗುಣ ಇರುವ ಯಾವ ಟೂಲಿನಲ್ಲೂ ಪುಟ್ಟ ತೇಲು ವಿಂಡೋಗಳ ಮೇಲೆ ಒಂದು ಕಣ್ಣಿಟ್ಟಿರಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಪವರ್‌ಟಾಯ್ಸ್ ಗಂಟಿನಲ್ಲಿ ಬೇರೆ ಟೂಲುಗಳೂ ಬರುತ್ತವೆ, ಬೇಡದ್ದನ್ನೆಲ್ಲ ಆಫ್ ಮಾಡಿ. ಉದಾಹರಣೆಗೆ ಪವರ್‌ಟಾಯ್ಸ್ ರನ್ ಆಲ್ಟ್ ಮತ್ತು ಸ್ಪೇಸ್ ಹಿಡಿಯುತ್ತದೆ. ವಿಂಡೋದ ಹಳೆಯ ಮೂಲೆ ಮೆನು ತೆರೆಯಲು ಎಷ್ಟೋ ಜನರ ಬೆರಳಿಗೆ ರೂಢಿಯಾದ ಕೀ ಅದೇ.

ಆಕ್ವಾಸ್ನ್ಯಾಪ್, ಡಿಸ್‌ಪ್ಲೇಫ್ಯೂಷನ್. ಮೊದಲನೆಯದು ಮನೆಬಳಕೆಗೆ ಉಚಿತ, ಅಂಚಿಗಂಚು ಅಂಟಿಸುವುದರಲ್ಲಿ ಚುರುಕು. ಎರಡನೆಯದು ಮೂರು ನಾಲ್ಕು ಮಾನಿಟರ್ ಇರುವವರ ಭಂಡಾರ. ಪೂರ್ತಿ ಸೌಲಭ್ಯಕ್ಕೆ ದುಡ್ಡು ಕೊಡಬೇಕು. ಅದು ಬೇರೆ ಪ್ರೋಗ್ರಾಂಗಳ ಒಳಗೂ ತನ್ನ ಹುಕ್ ಇಳಿಸುತ್ತದೆ. ಅದರಿಂದಲೇ ಅಷ್ಟೊಂದು ಮಾಡಬಲ್ಲದು, ಅದರಿಂದಲೇ ತಂಟೆಗೂ ಅವಕಾಶ. ಯಾವ ಪ್ರೋಗ್ರಾಂ ಒಳಗೆ ಹುಕ್ ಬೇಡ ಅಂತ ಅದರ ಕಂಪ್ಯಾಟಿಬಿಲಿಟಿ ಪುಟದಲ್ಲಿ ಹೇಳಬಹುದು. ಎರಡು ಮಾನಿಟರ್ ಇರುವವರಿಗೆ ಇಷ್ಟು ಬೇಕಾಗಿಲ್ಲ ಅನ್ನುವುದು ನನ್ನ ಅನಿಸಿಕೆ.

ಟೈಲಿಂಗ್ ಮಾಡುವಂಥವು, ಗ್ಲೇಝ್‌ಡಬ್ಲ್ಯುಎಂ, ಕೊಮೊರೆಬಿ ಮುಂತಾದವು. ಇವು ವಿಂಡೋ ತೆರೆದ ತಕ್ಷಣ ತಾವೇ ಜಾಗ ಹಂಚುತ್ತವೆ. ಮೌಸ್ ಮುಟ್ಟದೆ ಕೋಡ್ ಬರೆಯುವವರಿಗೆ ಸ್ವರ್ಗ. ಆದರೆ ಜಾಗ ಬಿಟ್ಟುಕೊಡುವುದರಲ್ಲಿ ಇವು ಬಲು ಜಿಪುಣ. ಗ್ಲೇಝ್‌ಡಬ್ಲ್ಯುಎಂ ಮೂಲತಃ ಆಲ್ಟ್ ಕೀಯನ್ನೇ ನಂಬಿದೆ. ಆಲ್ಟ್ ಜೊತೆ ಅಂಕಿ ಒತ್ತಿದರೆ ಬೇರೆ ವರ್ಕ್‌ಸ್ಪೇಸ್, ಅಂದರೆ ವಿಂಡೋಗಳ ಇನ್ನೊಂದು ಪರದೆ. ಈಗ ಅದೇ ಯಂತ್ರದಲ್ಲಿ ಟ್ಯಾಲಿಪ್ರೈಮ್ ಇದೆ ಅಂತ ಇಟ್ಟುಕೊಳ್ಳಿ. ಅಲ್ಲಿ ಆಲ್ಟ್ ಮತ್ತು 2 ಒಂದು ವೋಚರನ್ನು ನಕಲು ಮಾಡುತ್ತದೆ. ಲೆಕ್ಕ ಬರೆಯುವವರು ಕಣ್ಣು ಮುಚ್ಚಿ ಒತ್ತುವ ಕೀಗಳು ಇವು. ಒತ್ತಿದಾಗ ವೋಚರಿನ ಬದಲು ಖಾಲಿ ಪರದೆ ಬಂದರೆ ಅವರ ಎದೆ ಧಸಕ್ಕೆನ್ನದೆ ಇರುತ್ತದೆಯೇ? ಬೆಂಗಳೂರಲ್ಲೇ ಹುಟ್ಟಿ ಬೆಳೆದ ಟ್ಯಾಲಿ ಇಲ್ಲಿನ ಅಂಗಡಿ, ಆಡಿಟರ್ ಆಫೀಸುಗಳಲ್ಲಿ ಎಷ್ಟು ಬೇರು ಬಿಟ್ಟಿದೆ ಅಂತ ಹೇಳಬೇಕಾಗಿಲ್ಲ. ಟ್ಯಾಲಿ ಇರುವ ಯಂತ್ರಕ್ಕೆ ಆಲ್ಟ್ ಆಧಾರದ ಟೂಲು ಬೇಡವೇ ಬೇಡ. ಹಾಕಲೇಬೇಕಾದರೆ ಎಲ್ಲ ಕೀಗಳನ್ನೂ ಬದಲಿಸಿಕೊಂಡ ಮೇಲೆ ಹಾಕಿ.

ಆಟೋಹಾಟ್‌ಕೀ ಅನ್ನುವುದು ಸಿದ್ಧ ಟೂಲಲ್ಲ, ನಾವೇ ಬರೆದುಕೊಳ್ಳುವ ಸ್ಕ್ರಿಪ್ಟು. 2003ರಿಂದ ಇದೆ, 2022ರ ಕೊನೆಯಲ್ಲಿ ಎರಡನೇ ಆವೃತ್ತಿ ಬಂತು. ಇಲ್ಲಿ "ಫೋಟೊಶಾಪ್ ಮುಂದೆ ಇದ್ದಾಗ ಈ ಶಾರ್ಟ್‌ಕಟ್ ನನ್ನದಲ್ಲ" ಅಂತ ಒಂದೇ ಸಾಲಿನಲ್ಲಿ ಬರೆದುಬಿಡಬಹುದು. ಇಷ್ಟು ನಯವಾಗಿ ಜಾಗ ಬಿಡುವುದು ಬೇರೆ ಯಾವುದಕ್ಕೂ ಬರುವುದಿಲ್ಲ. ಆದರೆ ಬರೆದವರು ಊರಲ್ಲಿ ಇಲ್ಲದಾಗ ಕೆಟ್ಟರೆ ಸರಿಮಾಡುವವರು ಯಾರು? ನಿಮ್ಮ ಯಂತ್ರಕ್ಕೆ ಬರೆದುಕೊಳ್ಳಿ, ಅತ್ತಿಗೆಯ ಯಂತ್ರಕ್ಕೆ ಬೇಡ.

ಮ್ಯಾಕ್‌ನವರಿಗೆ ಚಿಕ್ಕದಾಗಿ ಹೇಳುತ್ತೇನೆ. ರೆಕ್ಟ್ಯಾಂಗಲ್ ಉಚಿತ, ಒಳ್ಳೆಯದು. ಒಂದು ಪ್ರೋಗ್ರಾಂ ಮುಂದಿದ್ದಾಗ ಸುಮ್ಮನಿರು ಅನ್ನುವ ಆಯ್ಕೆ ಅದರ ಮೆನುವಿನಲ್ಲೇ ಇದೆ. 2024ರ ಸೆಕ್ವೊಯಾ ಆವೃತ್ತಿಯಿಂದ ಮ್ಯಾಕ್‌ಗೇ ಸ್ವಂತ ಜೋಡಣೆ ಬಂದಿದೆ. ಅಂಚಿಗೆ ಎಳೆದಾಗ ಎರಡೂ ಕೈ ಚಾಚುತ್ತವೆ, ಒಂದನ್ನು ಆಫ್ ಮಾಡಿ. ಪರದೆಯನ್ನು ಓದಿ ಹೇಳುವ ವಾಯ್ಸ್‌ಓವರ್ ಬಳಸುವವರು ಇದ್ದರೆ ಕಂಟ್ರೋಲ್ ಮತ್ತು ಆಪ್ಷನ್ ಜೋಡಿ ಅವರದು. ರೆಕ್ಟ್ಯಾಂಗಲ್ ಮೊದಲಿಗೆ ಅದನ್ನೇ ಹಿಡಿದಿರುತ್ತದೆ, ಬದಲಿಸಿಕೊಡಿ. ಲಿನಕ್ಸ್‌ನಲ್ಲಿ ಪರದೆಯ ಮೇಲೆ ವಿಂಡೋ ತೋರಿಸುವ ಹೊಸ ವ್ಯವಸ್ಥೆ ವೇಲ್ಯಾಂಡ್ ಇದ್ದರೆ ಹೊರಗಿನ ಪ್ರೋಗ್ರಾಂ ಬೇರೆಯವರ ವಿಂಡೋ ಸರಿಸುವ ಹಾಗೇ ಇಲ್ಲ, ಡೆಸ್ಕ್‌ಟಾಪಿನ ಸ್ವಂತ ಸೌಲಭ್ಯವೇ ಗತಿ.

ಬದಲಿಸುವುದೋ, ಹೊರಗಿಡುವುದೋ, ತೆಗೆಯುವುದೋ

ಮೊದಲು ತಪ್ಪಿತಸ್ಥ ಯಾರು ಅಂತ ಖಚಿತ ಮಾಡಿಕೊಳ್ಳಿ. ಟೂಲನ್ನು ಪೂರ್ತಿ ಮುಚ್ಚಿ. ಬಲ ಮೂಲೆಯ ಐಕಾನಿನಿಂದಲೂ ಮುಚ್ಚಿ, ಬರೀ ಅದರ ವಿಂಡೋ ಮುಚ್ಚಿದರೆ ಸಾಲದು. ತೊಂದರೆ ಹೋಯಿತೇ? ಹೋಗದಿದ್ದರೆ ನೀವು ಬೈಯುತ್ತಿರುವುದು ಬೇರೆಯವರನ್ನು. ಹೋದರೆ, ಈಗ ಟೂಲನ್ನು ಮೊದಲು ತೆರೆದು ಕೆಲಸದ ಪ್ರೋಗ್ರಾಂ ಆಮೇಲೆ ತೆರೆಯಿರಿ. ಮುಂದಿನ ಸಲ ಉಲ್ಟಾ ಮಾಡಿ. ಕ್ರಮ ಬದಲಿಸಿದಾಗ ಸೋಲು ಗೆಲುವೂ ಬದಲಾದರೆ ಅದು ಕೀ ಜಗಳವೇ, ಕರ್ಚೀಫಿನದೋ ಬಾಗಿಲಿನದೋ. ಯಾವ ಕ್ರಮದಲ್ಲೂ ಒಂದೇ ಪ್ರೋಗ್ರಾಂ ಮೇಲೆ ಮಾತ್ರ ತೊಂದರೆ ಅಂದರೆ ಅಧಿಕಾರ ಅಥವಾ ಅಳತೆ. ಈ ಐದು ನಿಮಿಷ ಉಳಿಸಲು ಹೋಗಿ ನಾನು ಗಂಟೆಗಟ್ಟಲೆ ಕಳೆದಿದ್ದೇನೆ.

ಕೀ ಜಗಳಕ್ಕೆ ಕೀ ಬದಲಿಸುವುದೇ ಸರಿ. ಬದಲಿಸಬೇಕಾದದ್ದು ಟೂಲಿನ ಕೀ. ಕೆಲಸದ ಸಾಫ್ಟ್‌ವೇರಿನ ಕೀ ಹತ್ತು ವರ್ಷದಿಂದ ಬೆರಳಿಗೆ ಹತ್ತಿರುತ್ತದೆ, ಟೂಲಿನದು ಮೊನ್ನೆ ಮೊನ್ನೆಯದು. ವಿಂಡೋಸ್ ಕೀ ಸೇರಿಸಿದ ಮೂರು ಕೀಗಳ ಜೋಡಣೆ ಆರಿಸಿ, ಆಗ ಜಗಳ ಕಮ್ಮಿ. ವಿಂಡೋಸ್ ಮತ್ತು ಸ್ಪೇಸ್ ಜೋಡಿಯನ್ನು ಮಾತ್ರ ಮುಟ್ಟಬೇಡಿ. ಕನ್ನಡ, ಇಂಗ್ಲಿಷ್ ಬದಲಿಸುವುದು ಅದರಿಂದಲೇ. 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡು ಇದೆ, ಅದನ್ನು ಬಳಸುವವರಿಗಂತೂ ಈ ಜೋಡಿ ದಿನಕ್ಕೆ ನೂರು ಸಲ ಬೇಕು. ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ಬಳಸುವವರು ಭಾಷೆ ಬದಲಿಸಲು ಸ್ಕ್ರಾಲ್ ಲಾಕ್ ಒತ್ತುತ್ತಾರೆ. ಆ ಕೀ ಸುಮ್ಮನೆ ಖಾಲಿ ಬಿದ್ದಿದೆ ಅಂತ ಟೂಲಿಗೆ ಕೊಟ್ಟುಬಿಡಬೇಡಿ.

ಮೌಸ್ ಜಗಳಕ್ಕೂ, ಒಂದೇ ಪ್ರೋಗ್ರಾಂ ಜೊತೆ ಇರುವ ಜಗಳಕ್ಕೂ ಹೊರಗಿಡುವ ಪಟ್ಟಿ ಒಳ್ಳೆಯದು. ಅಂಥ ಪಟ್ಟಿಯೇ ಇಲ್ಲದ ಟೂಲನ್ನು ನಾನು ಯಾರಿಗೂ ಹೇಳುವುದಿಲ್ಲ, ಎಷ್ಟೇ ಚೆಂದ ಇರಲಿ.

ಅಡ್ಮಿನ್ ಆಗಿ ಓಡಿಸುವುದು ಮೂರನೇ ದಾರಿ. ಸ್ವಂತ ಯಂತ್ರದಲ್ಲಿ, ನಂಬಿಕೆ ಇರುವ ಟೂಲಿಗೆ ಮಾಡಿ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಐಟಿಯವರು ಬಿಡುವುದಿಲ್ಲ, ಬಿಡಬಾರದು ಕೂಡ. ಟಾಸ್ಕ್ ಮ್ಯಾನೇಜರನ್ನು ಕೈಯಿಂದಲೇ ಎಳೆದು ಪಕ್ಕಕ್ಕಿಟ್ಟರೆ ಏನು ಹೋಗುತ್ತದೆ?

ಐಟಿಯವರ ಮಾತು ಬಂತು, ಈ ಊರಿನಲ್ಲಿ ತುಂಬ ಜನರಿಗೆ ಬರುವ ಇನ್ನೊಂದು ತೊಂದರೆ ಹೇಳಿಬಿಡುತ್ತೇನೆ. ರಿಮೋಟ್ ಡೆಸ್ಕ್‌ಟಾಪಿನಲ್ಲಿ ಹೊರದೇಶದ ಕ್ಲೈಂಟಿನ ಯಂತ್ರ ತೆರೆದುಕೊಂಡಾಗ ಇಲ್ಲಿನ ಟೂಲಿನ ಶಾರ್ಟ್‌ಕಟ್ ನಡೆಯುವುದಿಲ್ಲ ಅನ್ನುತ್ತಾರೆ. ಅದು ಜಗಳವೇ ಅಲ್ಲ. ಪೂರ್ತಿ ಪರದೆ ತುಂಬಿದಾಗ ವಿಂಡೋಸ್ ಕೀ ಸೇರಿದ್ದೆಲ್ಲ ಆಚೆಯ ಯಂತ್ರಕ್ಕೆ ಹೋಗಲಿ ಅಂತಲೇ ಅದರ ಮೂಲ ಸೆಟ್ಟಿಂಗು ಇರುವುದು. ಸಂಪರ್ಕಿಸುವ ಮುಂಚೆ ಲೋಕಲ್ ರಿಸೋರ್ಸಸ್ ಪುಟದ ಕೀಬೋರ್ಡ್ ವಿಭಾಗದಲ್ಲಿ ಇದನ್ನು "ಈ ಕಂಪ್ಯೂಟರ್" ಅಂತ ಮಾಡಿದರೆ ಶಾರ್ಟ್‌ಕಟ್‌ಗಳು ಇಲ್ಲೇ ಉಳಿಯುತ್ತವೆ. ಆಗ ಆಚೆಯ ಯಂತ್ರದಲ್ಲಿ ಸ್ನ್ಯಾಪ್ ಕೀಗಳು ಹೋದವು ಅಂತ ಬೇಸರ ಮಾಡಿಕೊಳ್ಳಬಾರದು. ಎರಡೂ ಕಡೆ ಬೇಕೆಂದರೆ ಪೂರ್ತಿ ಪರದೆ ಬಿಟ್ಟು ಒಂದು ವಿಂಡೋದಲ್ಲಿ ತೆರೆದು, ಕಂಟ್ರೋಲ್, ಆಲ್ಟ್, ಬ್ರೇಕ್ ಒತ್ತಿ ಬೇಕಾದಾಗ ದೊಡ್ಡದು ಮಾಡಿಕೊಳ್ಳಿ.

ಟೂಲನ್ನೇ ತೆಗೆಯುವುದು ಯಾವಾಗ? ಎರಡು ಪ್ರೋಗ್ರಾಂಗಿಂತ ಜಾಸ್ತಿ ಹೊರಗಿಡಬೇಕಾಗಿ ಬಂದು, ಅವೇ ನಿಮ್ಮ ದಿನದ ಮುಕ್ಕಾಲು ಕೆಲಸ ಆಗಿದ್ದರೆ, ಟೂಲು ಯಾರಿಗಾಗಿ? ತೆಗೆದು ಸ್ನ್ಯಾಪಿಗೆ ಬನ್ನಿ. ಪುಟ್ಟ ಪುಟ್ಟ ವಿಂಡೋ ಹೊರಗಿಟ್ಟರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಕಾಗಿಲ್ಲ.

ಅತ್ತಿಗೆಯ ಅಂಗಡಿಗೆ ಹೋದ ದಿನ ನಾನು ಕೀ ಜಗಳ ಅಂತಲೇ ತೀರ್ಮಾನಿಸಿ ಹೋಗಿದ್ದೆ. ಕೂತು ಟೂಲಿನ ಶಾರ್ಟ್‌ಕಟ್‌ಗಳನ್ನೆಲ್ಲ ಒಂದೊಂದಾಗಿ ಬದಲಿಸಿದೆ. ಎರಡು ಸಲ ಕಾಫಿ ಬಂತು. ತೊಂದರೆ ಹಾಗೇ ಇತ್ತು. ಅತ್ತಿಗೆ ಮೊದಲೇ ಹೇಳಿದ್ದರಲ್ಲ, ಪರದೆ ಅರ್ಧಕ್ಕೆ ಏನೋ ಬಂದು ಕೂರುತ್ತದೆ ಅಂತ. ಆ ಮಾತನ್ನು ನಾನು ಕಿವಿಗೇ ಹಾಕಿಕೊಂಡಿರಲಿಲ್ಲ. ಕನ್ನಡ ಟೈಪಿಂಗ್ ಸಾಫ್ಟ್‌ವೇರಿಗೆ ಭಾಷೆ ತೋರಿಸುವ ಬೆರಳಗಲದ ಒಂದು ತೇಲು ಪಟ್ಟಿ ಇದೆ. ಹೊಸ ವಿಂಡೋಗಳನ್ನು ಹಳೆಯ ಜಾಗಕ್ಕೆ ಕಳಿಸುವ ಆಯ್ಕೆಯನ್ನು ನಾನೇ ಆನ್ ಮಾಡಿಟ್ಟಿದ್ದೆ. ಟೂಲು ಆ ಪಟ್ಟಿಯನ್ನೂ ಒಂದು ದೊಡ್ಡ ವಿಂಡೋ ಅಂದುಕೊಂಡು ಅರ್ಧ ಪರದೆಗೆ ಎಳೆದು ಕೂರಿಸುತ್ತಿತ್ತು. ಕರ್ಸರ್ ಪುಟ ಬಿಟ್ಟು ಅಲ್ಲಿಗೆ ಹೋಗುತ್ತಿತ್ತು. ಒತ್ತಿದ ಅಕ್ಷರಗಳೆಲ್ಲ ಅದರ ಪಾಲು. ಅದರ ಹೆಸರನ್ನು ಹೊರಗಿಡುವ ಪಟ್ಟಿಗೆ ಸೇರಿಸಿದೆ. ಒಂದೇ ಸಾಲು.

ಹೋದ ವಾರ ಅಲ್ಲಿಗೆ ಹೋದಾಗ ಆ ಪಟ್ಟಿ ತೆರೆದು ನೋಡಿದೆ. ಎರಡು ಹೆಸರು ಇದ್ದವು. ಎರಡನೆಯದು ಪ್ರಿಂಟರಿನಲ್ಲಿ ಇಂಕ್ ಎಷ್ಟಿದೆ ಅಂತ ತೋರಿಸುವ ಪುಟ್ಟ ವಿಂಡೋ. ಅದನ್ನು ಸೇರಿಸಿದ್ದು ಅತ್ತಿಗೆಯೇ. ನನಗೆ ಫೋನ್ ಕೂಡ ಮಾಡಿರಲಿಲ್ಲ.